ಎಂಜಿನ್ ಬಿಚ್ಚುವ ಮೊದಲು ಪೆಟ್ರೋಲಿನ ದಾರಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಮಳೆ ಹಿಡಿದ ಮೇಲೆ ನಮ್ಮ ಚಿಂಚೋಳಿ ತಾಲ್ಲೂಕಿನ ರಸ್ತೆಗಳಲ್ಲಿ ಹಳೆಯ ಮೋಟಾರ್ ಸೈಕಲ್ ತಳ್ಳಿಕೊಂಡು ಹೋಗುವವರು ದಿನಕ್ಕೊಬ್ಬರಾದರೂ ಕಣ್ಣಿಗೆ ಬೀಳುತ್ತಿದ್ದಾರೆ. ನಿಲ್ಲಿಸಿ ಕೇಳಿದರೆ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ. ಗಾಡಿ ನಾಲ್ಕೈದು ಕಿಲೊಮೀಟರ್ ಸರಿಯಾಗಿ ಓಡಿ, ಮಿಸ್ ಹೊಡೆದು ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತದೆ. ಗ್ಯಾರೇಜಿಗೆ ಒಯ್ದರೆ ಮೊದಲು ಪ್ಲಗ್ ಬದಲಾಗುತ್ತದೆ, ಆಮೇಲೆ ಪ್ಲಗ್ಗಿಗೆ ಕಿಡಿ ಒದಗಿಸುವ ಸಿಡಿಐ ಮತ್ತು ಕಾಯಿಲ್, ಕೊನೆಗೆ ಎಂಜಿನ್ ಬಿಚ್ಚಬೇಕೆಂಬ ಸಲಹೆ. ಇಂಥ ಬಹಳಷ್ಟು ಗಾಡಿಗಳಲ್ಲಿ ದೋಷ ಅಡಗಿರುವುದು ಟ್ಯಾಂಕಿನ ಮುಚ್ಚಳದಿಂದ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನ ಬಟ್ಟಲಿನವರೆಗೆ ಪೆಟ್ರೋಲ್ ಇಳಿದು ಬರುವ ಗಿಡ್ಡ ದಾರಿಯಲ್ಲಿ. ಅದನ್ನು ಓದುಗರಿಗೆ ತಿಳಿಸಲು, ಆ ದಾರಿಗೆ ನೀರು ಸೇರದಂತೆ ಪೆಟ್ರೋಲ್ ಪಂಪಿನವರು ವಹಿಸಬೇಕಾದ ಎಚ್ಚರವನ್ನು ಸಂಬಂಧಪಟ್ಟವರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ನಿವೃತ್ತ ಪಶು ವೈದ್ಯಕೀಯ ಪರೀಕ್ಷಕ. ನನ್ನ ಸೇವೆಯ ಬಹುಭಾಗ ಕಳೆದದ್ದು 1999ರ ಮಾದರಿಯ ಹೀರೊ ಹೋಂಡಾ ಸ್ಪ್ಲೆಂಡರ್ ಮೇಲೆ. ನಮ್ಮ ಭಾಗದಲ್ಲಿ ಇಪ್ಪತ್ತು ವರ್ಷದ ಗಾಡಿಯನ್ನು ಯಾರೂ ಗುಜರಿ ಎಂದು ಕರೆಯುವುದಿಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು, ಹಾಲಿನ ಕ್ಯಾನು, ತೊಗರಿ ಬೀಜದ ಚೀಲ, ಪರೀಕ್ಷೆಗೆ ಹೊರಟ ಮಕ್ಕಳು, ಎಲ್ಲವೂ ಅದರ ಮೇಲೆಯೇ ಸಾಗುತ್ತವೆ. ಅದು ದಾರಿಯಲ್ಲಿ ನಿಂತರೆ ಆಗುವ ನಷ್ಟ ರಿಪೇರಿಯ ಬಿಲ್ಲಿನಷ್ಟೇ ಇರುವುದಿಲ್ಲ ಎಂಬುದನ್ನು ನಾನು ಒಂದು ರಾತ್ರಿ ಕಂಡಿದ್ದೇನೆ.

ಸೇವೆಯಲ್ಲಿದ್ದಾಗಿನ ಮಾತು. ಕುಂಚಾವರಂ ಕಡೆಯ ತಾಂಡಾದಿಂದ ರೈತರೊಬ್ಬರು ಫೋನ್ ಮಾಡಿ, "ಡಾಕ್ಟರ್ ಸಾಬ್ರ, ಎಮ್ಮಿ ಈಯಲಾಕ ಭಾಳ ತ್ರಾಸ್ ಪಡ್ಲಾಕತ್ತದ, ಕರದ ಒಂದೇ ಕಾಲು ಹೊರಗ ಬಂದದ, ಲಗೂನ ಬರ್ರಿ" ಎಂದರು. ಹೊರಟೆ. ಕಾಡಿನ ರಸ್ತೆಯಲ್ಲಿ ಗಾಡಿ ನಾಲ್ಕು ಸಲ ನಿಂತಿತು. ಪ್ರತಿ ಸಲವೂ ಪ್ಲಗ್ ಬಿಚ್ಚಿ ಒರೆಸಿದೆ, ಪ್ರತಿ ಸಲವೂ ಹತ್ತು ನಿಮಿಷದ ನಂತರ ಅದು ತಾನಾಗಿಯೇ ಚಾಲೂ ಆಯಿತು, ನಾನು ಪ್ಲಗ್ ಒರೆಸಿದ್ದರಿಂದಲೇ ಚಾಲೂ ಆಯಿತೆಂದು ತಿಳಿದೆ. ತಲುಪುವಾಗ ಒಂದು ಗಂಟೆ ತಡವಾಗಿತ್ತು. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ. ಆ ರೈತರು ನನಗೆ ಒಂದು ಮಾತೂ ಅನ್ನಲಿಲ್ಲ; ಕೊನೆಯವರೆಗೂ ಬ್ಯಾಟರಿ ಹಿಡಿದು ನಿಂತಿದ್ದರು.

ಮರುದಿನ ಒಂದು ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು, ಐದಾರು ಸಾವಿರ ಆಗುತ್ತದೆ ಎಂದರು. ಅಲ್ಲಿಯೇ ಪಂಕ್ಚರ್ ತೆಗೆಯುತ್ತಿದ್ದ ವಯಸ್ಸಾದ ಮಿಸ್ತ್ರಿ ಒಬ್ಬರು, "ಒಂದು ಸುತ್ತು ಹೊಡದು ಬರ್ರಿ, ಬಂದ್ ಬಿದ್ದ ಕೂಡ್ಲೆ ಟ್ಯಾಂಕಿನ ಮುಚ್ಚಳ ತೆಗೀರಿ, ಏನು ಸಪ್ಪಳ ಆಗ್ತದ ಕೇಳ್ರಿ" ಎಂದರು. ಹಾಗೆಯೇ ಮಾಡಿದೆ. ಮುಚ್ಚಳ ತಿರುಗಿಸುತ್ತಲೇ 'ಸುಸ್' ಎಂದು ಗಾಳಿ ಒಳಕ್ಕೆ ನುಗ್ಗಿತು, ಮುಚ್ಚಳ ಸಡಿಲ ಬಿಟ್ಟು ಹೊಡೆದರೆ ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ದನಗಳಿಗೆ ಗಾಜಿನ ಬಾಟಲಿಯಿಂದ ಸಲೈನ್ ಏರಿಸುವಾಗ ಬಾಟಲಿಗೆ ಗಾಳಿಯ ಸೂಜಿ ಚುಚ್ಚದಿದ್ದರೆ ಹನಿ ನಿಂತುಹೋಗುತ್ತದೆ ಎಂಬುದನ್ನು ನಾನೇ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೆ. ಪೆಟ್ರೋಲ್ ಟ್ಯಾಂಕಿಗೂ ಅದೇ ನಿಯಮ. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಸಣ್ಣ ರಂಧ್ರವಿರುತ್ತದೆ. ನನ್ನ ಗಾಡಿಯ ರಂಧ್ರದಿಂದ ಇಂಜೆಕ್ಷನ್ ಸೂಜಿಯ ತುದಿಗೆ ಅಂಟಿಕೊಂಡು ಬಂದದ್ದು ತೊಗರಿ ರಾಶಿಯ ಧೂಳೂ ಕರಿಮಣ್ಣೂ ಸೇರಿ ಗಟ್ಟಿಯಾದ, ಸಾಸಿವೆ ಕಾಳಿನಷ್ಟು ಗಾತ್ರದ ಒಂದು ಉಂಡೆ.

ಮಳೆ ನೀರು ಇಳಿಯದಿರಲೆಂದು ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟುವವರು ಇದೇ ತೊಂದರೆಯನ್ನು ಕೈಯಾರೆ ತಂದುಕೊಳ್ಳುತ್ತಾರೆ. ನೀರನ್ನು ತಡೆಯಬೇಕಾದದ್ದು ಮುಚ್ಚಳದೊಳಗಿನ ರಬ್ಬರ್ ವಾಷರ್. ಅದು ಒಣಗಿ ಬಿರುಕು ಬಿಟ್ಟಿದ್ದರೆ ಬದಲಾಯಿಸಬೇಕು. ರಂಧ್ರ ಮಾತ್ರ ತೆರೆದೇ ಇರಬೇಕು.

ಓಡುತ್ತ ಓಡುತ್ತ ನಿಂತು, ತಣ್ಣಗಾದ ಮೇಲೆ ಚಾಲೂ ಆಗುವ ಗುಣ ಕಾಯಿಲ್ ಅಥವಾ ಸಿಡಿಐ ಕೆಟ್ಟಾಗಲೂ ಕಾಣಿಸುತ್ತದೆ ಎಂಬುದು ನಿಜ. ಆದ್ದರಿಂದಲೇ ಮಿಸ್ತ್ರಿಗಳು ಅತ್ತ ಕೈಹಾಕುತ್ತಾರೆ, ಅವರನ್ನು ದೂರಲಾಗದು. ಆದರೆ ಕಿಡಿಯ ದೋಷವನ್ನೂ ಪೆಟ್ರೋಲಿನ ದೋಷವನ್ನೂ ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ಗಾಡಿ ನಿಂತ ತಕ್ಷಣ, ಕಾಯದೆ, ಮೊದಲು ಪೆಟ್ರೋಲ್ ಕಾಕ್ ಬಂದ್ ಮಾಡಬೇಕು. ಕಾರ್ಬೊರೇಟರಿನ ಬಟ್ಟಲಿನ ಕೆಳಗಿರುವ ಡ್ರೈನ್ ಸ್ಕ್ರೂ ಸಡಿಲಿಸಿ, ಅಲ್ಲಿಂದ ಬರುವುದನ್ನು ಸಣ್ಣ ಗಾಜಿನ ಬಾಟಲಿಯಲ್ಲಿ ಹಿಡಿಯಬೇಕು. ಬಟ್ಟಲು ತುಂಬಿದ್ದು ಶುದ್ಧ ಪೆಟ್ರೋಲ್ ಬಂದರೆ ಮೇಲಿನ ದಾರಿ ಸರಿಯಿದೆ. ಆಗ ಜೆಟ್, ಅಂದರೆ ಕಾರ್ಬೊರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆಯ ಬಿಡಿಭಾಗ, ಕಟ್ಟಿದೆಯೇ ಅಥವಾ ಪ್ಲಗ್ಗಿನಲ್ಲಿ ಕಿಡಿ ಇಲ್ಲವೇ ಎಂದು ನೋಡಬಹುದು. ಬಟ್ಟಲು ಬರಿದಾಗಿದ್ದರೆ ಅಥವಾ ನಾಲ್ಕು ಹನಿ ಮಾತ್ರ ಬಿದ್ದರೆ, ಪೆಟ್ರೋಲ್ ಕೆಳಗೆ ಇಳಿಯುತ್ತಿಲ್ಲ ಎಂದರ್ಥ. ಸಿಡಿಐಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಾಗಿಲ್ಲ. ಹತ್ತು ನಿಮಿಷ ಕಾದು ನೋಡಿದರೆ ಈ ಸಾಕ್ಷಿ ಅಳಿಸಿಹೋಗುತ್ತದೆ, ಏಕೆಂದರೆ ಅಷ್ಟರಲ್ಲಿ ಬಟ್ಟಲು ಹನಿಹನಿಯಾಗಿ ಮತ್ತೆ ತುಂಬಿಕೊಂಡಿರುತ್ತದೆ. ಗ್ಯಾರೇಜ್ ತಲುಪುವಷ್ಟರಲ್ಲಿ ಗಾಡಿಯ ರೋಗ ಮಾಯವಾಗುವುದು ಹೀಗೆಯೇ. ಎಂಜಿನ್ ಬಿಸಿಯಿರುವಾಗ ಪೆಟ್ರೋಲ್ ಅದರ ಮೇಲೆ ಬೀಳದಂತೆ ಎಚ್ಚರವಿರಬೇಕು. ಬೀಡಿ ಸೇದುವವರು ಹತ್ತಿರ ಇರಲೇಬಾರದು.

ಮುಂದಿನದನ್ನು ಎಂಜಿನ್ ತಣ್ಣಗಿರುವಾಗ ಬಯಲಿನಲ್ಲಿ ನೋಡಬೇಕು. ಕಾರ್ಬೊರೇಟರಿಗೆ ಬರುವ ಪೈಪ್ ತುದಿ ಕಳಚಿ ಬಾಟಲಿಗೆ ಹಿಡಿದು ಕಾಕ್ ತೆರೆದರೆ ಪೆಟ್ರೋಲ್ ಧಾರೆಯಾಗಿ, ಒಂದೇ ಸಮನೆ ಬೀಳಬೇಕು. ಮೊದಲು ಧಾರೆಯಾಗಿದ್ದು ಕ್ರಮೇಣ ಹನಿಯಾದರೆ ಮುಚ್ಚಳದ ರಂಧ್ರ; ಮೊದಲಿನಿಂದಲೂ ಸಣ್ಣಗಿದ್ದರೆ ಕಾಕಿನ ಜಾಳಿಗೆ ಅಥವಾ ಪೈಪ್ ಕಟ್ಟಿದೆ. ಟ್ಯಾಂಕಿನಲ್ಲಿ ಸಾಕಷ್ಟು ಪೆಟ್ರೋಲ್ ಇದ್ದರೂ ರಿಸರ್ವ್‌ನಲ್ಲಿ ಮಾತ್ರ ಬರುತ್ತದೆಂದರೆ ಕಾಕಿನೊಳಗಿನ ಮೇಲಿನ ಕೊಳವೆಯಲ್ಲಿ ಕಸ ಸಿಕ್ಕಿಕೊಂಡಿದೆ. ರಿಸರ್ವ್ ಎಳೆದುಕೊಳ್ಳುವುದು ಟ್ಯಾಂಕಿನ ತಳದಿಂದ; ತುಕ್ಕು, ನೀರು ಎರಡೂ ಕೂಡುವುದು ಅಲ್ಲಿಯೇ. ದಿನವೂ ರಿಸರ್ವ್‌ನಲ್ಲಿಯೇ ಓಡಿಸುವ ನಮ್ಮ ರೂಢಿ ಆ ಕಚರಾವನ್ನೆಲ್ಲ ಕಾರ್ಬೊರೇಟರಿಗೆ ಇಳಿಸುತ್ತದೆ. ಪೈಪ್ ಬದಲಿಸುವಾಗ ಕೂಲರಿಗೆ ಹಾಕುವ ಪ್ಲಾಸ್ಟಿಕ್ ನಳಿಕೆಯನ್ನು ಹಾಕಿಸಿಕೊಳ್ಳಬಾರದು. ಕೆಲವೇ ತಿಂಗಳಲ್ಲಿ ಅದು ಹಳದಿಯಾಗಿ, ಕಡ್ಡಿಯಂತೆ ಗಟ್ಟಿಯಾಗಿ ಬಿರಿಯುತ್ತದೆ.

ಚೋಕ್ ಎಳೆದಾಗ ಮಾತ್ರ ಓಡುವ ಗಾಡಿಗೆ ಪೆಟ್ರೋಲ್ ಸಾಲುತ್ತಿಲ್ಲ. ಪ್ಲಗ್ ಕಪ್ಪಾಗಿ, ಕಾರ್ಬೊರೇಟರಿನಿಂದ ಪೆಟ್ರೋಲ್ ಸೋರುವ ಗಾಡಿಗೆ ಅದು ಹೆಚ್ಚಾಗುತ್ತಿದೆ, ಅಂದರೆ ಬಟ್ಟಲು ತುಂಬಿದಾಗ ಪೆಟ್ರೋಲನ್ನು ತಡೆಯುವ ಫ್ಲೋಟಿನ ಸೂಜಿ ಸರಿಯಾಗಿ ಕೂರುತ್ತಿಲ್ಲ. ಇಷ್ಟನ್ನು ಗಮನಿಸಿ ಹೇಳಿದರೆ ಮಿಸ್ತ್ರಿಯ ಅರ್ಧ ಕೆಲಸ ಮುಗಿಯುತ್ತದೆ. ಜೆಟ್ಟಿನ ತೂತಿಗೆ ತಂತಿ ಹಾಕಲು ಮಾತ್ರ ಬಿಡಬೇಡಿ. ಹಿತ್ತಾಳೆ ಮೆತ್ತನೆಯ ಲೋಹ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗಾಡಿ ಜೀವಮಾನವಿಡೀ ಪೆಟ್ರೋಲ್ ಕುಡಿಯುತ್ತದೆ. ಗಾಳಿ ಹೊಡೆದು ಸ್ವಚ್ಛ ಮಾಡಿದರೆ ಸಾಕು.

ಇನ್ನು ನೀರಿನ ವಿಷಯ. ಕಳೆದ ಮಳೆಗಾಲದಲ್ಲಿ ಎರಡು ದಿನದ ಸತತ ಮಳೆಯ ನಂತರ ಒಂದು ಪಂಪಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡ ನನ್ನ ಗಾಡಿ ಮೂರು ಕಿಲೊಮೀಟರ್ ದಾಟಲಿಲ್ಲ. ಬಟ್ಟಲಿನಿಂದ ಇಳಿಸಿದ್ದನ್ನು ಔಷಧಿಯ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿದೆ. ಮೇಲೆ ಕಿತ್ತಳೆ ಬಣ್ಣದ ಪೆಟ್ರೋಲ್, ಕೆಳಗೆ ಬೆರಳು ದಪ್ಪದ, ಅಕ್ಕಿ ತೊಳೆದ ನೀರಿನಂಥ ಬೇರೆಯೇ ಪದರ. ಅಲ್ಲಾಡಿಸಿದರೆ ಕದಡಿ, ಮತ್ತೆ ಹಾಗೆಯೇ ಬೇರೆಯಾಗುತ್ತಿತ್ತು. ಬಾಟಲಿಯನ್ನು ಪಂಪಿಗೆ ಒಯ್ದು ತೋರಿಸಿದೆ. "ನಿಮ್ಮ ಗಾಡಿ ಹಳೇದದರಿ, ಟ್ಯಾಂಕಿನಾಗಿನ ನೀರು ಅದು" ಎಂಬ ಉತ್ತರ ಬಂತು. ಆ ಮಾತು ನಿಜವಿದ್ದರೂ ಇರಬಹುದು. ಸುಳ್ಳೆಂದು ಸಾಬೀತುಪಡಿಸಲು ನನ್ನ ಬಳಿ ಏನೂ ಇರಲಿಲ್ಲ. ಆದರೆ ನಿಜವೆಂದು ಸಾಬೀತುಪಡಿಸಲು ಅವರ ಬಳಿಯೂ ಏನೂ ಇರಲಿಲ್ಲ. ನನ್ನ ಅಳಲು ಇರುವುದು ಇಲ್ಲಿಯೇ.

ಪೆಟ್ರೋಲ್ ಈಗ ಮೊದಲಿನಂತಿಲ್ಲ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. 2025ರ ಹೊತ್ತಿಗೆ ದೇಶದ ಮಿಶ್ರಣ ಆ ಪ್ರಮಾಣವನ್ನು ಮುಟ್ಟಿತು. ನಾನು ಮನೆಯಲ್ಲಿದ್ದ ಅಳತೆಯ ಗಾಜಿನ ಕೊಳವೆಯಲ್ಲಿ 100 ಎಂಎಲ್ ಪೆಟ್ರೋಲಿಗೆ 10 ಎಂಎಲ್ ನೀರು ಬೆರೆಸಿ, ಕುಲುಕಿ ಇಟ್ಟು ನೋಡಿದೆ. ಕೆಳಗಿನ ಪದರ ಹತ್ತರಲ್ಲಿ ನಿಲ್ಲದೆ ಮೂವತ್ತರ ಹತ್ತಿರಕ್ಕೆ ಏರಿತು. ನೀರು ಪೆಟ್ರೋಲಿನಲ್ಲಿದ್ದ ಎಥೆನಾಲನ್ನು ತನ್ನ ಕಡೆಗೆ ಎಳೆದುಕೊಂಡು ತಳಕ್ಕಿಳಿದಿತ್ತು. ಹಿಂದೆ ಟ್ಯಾಂಕಿಗೆ ಸೇರಿದ ಒಂದು ಚಮಚ ನೀರು ಒಂದು ಚಮಚವಾಗಿಯೇ ತಳದಲ್ಲಿ ಕೂರುತ್ತಿತ್ತು. ಈಗ ಅಲ್ಪಸ್ವಲ್ಪ ನೀರನ್ನು ಎಥೆನಾಲ್ ಹೀರಿಕೊಂಡು ಕಾಣಗೊಡುವುದಿಲ್ಲ; ಮಿತಿ ಮೀರಿದಾಗ ಎರಡೂ ಸೇರಿ ಒಮ್ಮೆಲೇ ಕೆಳಗಿಳಿದು ದಪ್ಪ ಪದರವಾಗುತ್ತವೆ, ಅದು ಕಾರ್ಬೊರೇಟರಿಗೆ ಬಂದರೆ ಎಂಜಿನ್ ಓಡುವುದಿಲ್ಲ. ಕಾರ್ಬೊರೇಟರಿನ ಕಾಲದ ರಬ್ಬರ್ ಪೈಪು, ವಾಷರುಗಳನ್ನು ಇಷ್ಟು ಎಥೆನಾಲಿಗೆಂದು ಮಾಡಿದ್ದೂ ಅಲ್ಲ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಬಟ್ಟಲು ಬರಿದು ಮಾಡಿ ಇಡುವುದು ಒಳ್ಳೆಯದು.

ನಾನು ಎಥೆನಾಲಿನ ವಿರೋಧಿಯಲ್ಲ. ಆಳಂದ, ಅಫಜಲಪುರ, ಬೀದರ್ ಭಾಗದ ಕಬ್ಬು ಬೆಳೆಗಾರರಿಗೆ ಅದರಿಂದ ಅನುಕೂಲವಿದೆ. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿದ್ದು, ಆ ಚರ್ಚೆಯನ್ನು ಮತ್ತೆ ಎತ್ತುವುದು ನನ್ನ ಉದ್ದೇಶವಲ್ಲ. ಆದರೆ ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಎಥೆನಾಲ್ ಮಾರ್ಗಸೂಚಿಯೇ ಹಳೆಯ ದ್ವಿಚಕ್ರ ವಾಹನಗಳ ಮೈಲೇಜ್ ಶೇ 3ರಿಂದ 4ರಷ್ಟು ಇಳಿಯಬಹುದೆಂದು ಅಂದಾಜಿಸಿತ್ತು. ಅಷ್ಟನ್ನು ನಾವು ಸಹಿಸಿಕೊಳ್ಳಬಲ್ಲೆವು. ನೀರು ಬೆರೆತ ಪೆಟ್ರೋಲಿಗೆ ದುಡ್ಡು ಕೊಟ್ಟು, ತಪ್ಪು ನಮ್ಮ ಗಾಡಿಯದೇ ಎಂದು ಕೇಳಿಸಿಕೊಂಡು ಬರುವುದನ್ನು ಸಹಿಸಲಾಗದು.

ಪಂಪಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ, ಸಾಂದ್ರತೆಯ ಪರೀಕ್ಷೆ ಮತ್ತು 5 ಲೀಟರ್ ಅಳತೆಯ ಪರೀಕ್ಷೆಯನ್ನು ಕೇಳುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ. ಕೇಳುವವರು ನಮ್ಮಲ್ಲಿ ತೀರ ಕಡಿಮೆ. ಫಿಲ್ಟರ್ ಪೇಪರಿನ ಮೇಲೆ ಪೆಟ್ರೋಲಿನ ಹನಿ ಆರಿದ ಮೇಲೆ ಕಲೆ ಉಳಿದರೆ ಕಲಬೆರಕೆಯ ಅನುಮಾನ ಪಡಬೇಕು. ಆದರೆ ನೀರನ್ನು ಪತ್ತೆ ಹಚ್ಚಲು ಅದು ಸಾಲದು. ನೆಲದೊಳಗಿನ ಟ್ಯಾಂಕಿಗೆ ಇಳಿಬಿಡುವ ಅಳತೆ ಕೋಲಿಗೆ ಪೇಸ್ಟ್ ಹಚ್ಚಿ ನೋಡಿದರೆ ನೀರು ತಾಗಿದಲ್ಲಿ ಬಣ್ಣ ಬದಲಾಗುತ್ತದೆ. ಈ ಪೇಸ್ಟ್ ಎಥೆನಾಲ್ ಬೆರೆತ ಪೆಟ್ರೋಲಿಗೆಂದೇ ತಯಾರಾದದ್ದಾಗಿರಬೇಕು. ಕೋಲು, ಪೇಸ್ಟ್ ಎರಡೂ ಪಂಪುಗಳಿಗೆ ಹೊಸತಲ್ಲ. ಮಳೆ ಬಿದ್ದ ಪ್ರತಿ ಬೆಳಿಗ್ಗೆ ಮಾರಾಟ ಶುರುವಾಗುವ ಮೊದಲು ಈ ಪರೀಕ್ಷೆ ನಡೆಸಿ, ಸಮಯ ಮತ್ತು ಫಲಿತಾಂಶವನ್ನು ದರದ ಬೋರ್ಡಿನ ಪಕ್ಕದಲ್ಲಿಯೇ ಬರೆದಿಡಬೇಕು. ಪ್ರತಿ ಯಂತ್ರದ ಮೇಲೆ ಎಥೆನಾಲಿನ ಪ್ರಮಾಣವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹಾಕಬೇಕು. ಗ್ರಾಹಕ ಬಾಟಲಿ ತಂದು ದೂರಿದರೆ ಅದೇ ಹೊತ್ತಿನಲ್ಲಿ, ಅವನ ಎದುರಿಗೇ ಕೋಲು ಇಳಿಸಿ ತೋರಿಸಬೇಕು. ಆಗ ನೀರು ಯಾರ ಟ್ಯಾಂಕಿನದೆಂದು ವಾದಿಸುವ ಅಗತ್ಯ ಇಬ್ಬರಿಗೂ ಇರುವುದಿಲ್ಲ. ಪ್ರಾಮಾಣಿಕವಾಗಿ ವ್ಯಾಪಾರ ಮಾಡುವ ಪಂಪಿನವರಿಗೂ ಇದರಿಂದ ರಕ್ಷಣೆಯೇ ಸಿಗುತ್ತದೆ.

ಕಲಬುರಗಿ ಜಿಲ್ಲಾಡಳಿತ, ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆ ಹಾಗೂ ತೈಲ ಕಂಪನಿಗಳ ಅಧಿಕಾರಿಗಳು ಈ ವ್ಯವಸ್ಥೆಯನ್ನು ಮೊದಲು ತಾಲ್ಲೂಕು ಕೇಂದ್ರಗಳ ಪಂಪುಗಳಲ್ಲಿಯಾದರೂ, ಈ ಮಳೆಗಾಲ ಮುಗಿಯುವುದರೊಳಗೆ ಜಾರಿಗೆ ತರಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪಶು ವೈದ್ಯಕೀಯ ಪರೀಕ್ಷಕ
ಚಿಂಚೋಳಿ, ಕಲಬುರಗಿ ಜಿಲ್ಲೆ