ನೀರಿಗಾಗಿ ಎದ್ದ ಊರಿನಿಂದ

ಕೊಚಬಾಂಬಾ, ಬೊಲಿವಿಯಾ
ಅಕ್ಟೋಬರ್ 20

ತೀರ್ಥರೂಪ ಅಪ್ಪಾಜಿಯವರಿಗೆ,

ನಿಮ್ಮ ಮಗಳ ಶರಣು ಶರಣಾರ್ಥಿಗಳು. ನಾನು ಇಲ್ಲಿ ಕ್ಷೇಮ. ಬೀದರಿನಲ್ಲಿ ಅವ್ವ, ಕಾಕಾ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಈ ಊರಿನ ಜನ ನೀರಿಗಾಗಿ ಸರ್ಕಾರವನ್ನೇ ಮಣಿಸಿದ್ದು ಹೇಗೆ ಎಂದು ನೀವು ಕೇಳಿದ್ದಿರಿ. 1999ರಲ್ಲಿ ಸರ್ಕಾರವು ನಗರದ ನೀರು ಪೂರೈಕೆಯನ್ನು 40 ವರ್ಷಗಳ ಮಟ್ಟಿಗೆ ವಿದೇಶಿ ಬಂಡವಾಳದ ಕಂಪನಿಯೊಂದಕ್ಕೆ ಒಪ್ಪಿಸಿತು. ಮರುವರ್ಷದ ಆರಂಭದಲ್ಲಿ ಎಷ್ಟೋ ಮನೆಗಳ ಬಿಲ್ಲು ದುಪ್ಪಟ್ಟಾಯಿತು. ಆದರೆ ಜನರ ಸಿಟ್ಟಿಗೆ ಬಿಲ್ಲೊಂದೇ ಕಾರಣವಾಗಿರಲಿಲ್ಲ. ನಗರದ ನಳ ತಲುಪದ ದಕ್ಷಿಣದ ಬಡಾವಣೆಗಳಲ್ಲಿ ಜನ ತಾವೇ ಹಣ ಕೂಡಿಸಿ ತೋಡಿಕೊಂಡಿದ್ದ ಬಾವಿಗಳೂ, ಸುತ್ತಲಿನ ರೈತರು ತಲೆತಲಾಂತರದಿಂದ ಸರದಿಯಂತೆ ಹಂಚಿಕೊಂಡು ಬಂದ ಕಾಲುವೆಯ ನೀರೂ ಹೊಸ ಕಾನೂನಿನಿಂದ ಕಂಪನಿಯ ವಶವಾಗುತ್ತವೆಂಬ ಭಯ ಅವರನ್ನು ಕಾಡಿತ್ತು. ಬಹಮನಿ ಕಾಲದ ನಮ್ಮ ನೌಬಾದದ ಸುರಂಗ ಬಾವಿಯನ್ನು ಕಂಡವರಿಗೆ, ತಾವು ಅಗೆದ ನೀರು ಪರರ ಪಾಲಾಗುವುದೆಂದರೇನೆಂದು ವಿವರಿಸಬೇಕಿಲ್ಲ.

ಕಾರ್ಖಾನೆ ಕಾರ್ಮಿಕರ ನಾಯಕ ಆಸ್ಕರ್ ಒಲಿವೆರಾ ಮುಂದೆ ನಿಂತರು. ರೈತರು, ವಿದ್ಯಾರ್ಥಿಗಳು ಊರಿನ ಚೌಕದಲ್ಲಿ ನೆರೆದರು. 2000ದ ಏಪ್ರಿಲ್‌ನಲ್ಲಿ ಅಧ್ಯಕ್ಷ ಹ್ಯೂಗೋ ಬಾಂಜರ್ ತುರ್ತು ಪರಿಸ್ಥಿತಿ ಘೋಷಿಸಿದರು. ಹದಿನೇಳರ ಹುಡುಗನೊಬ್ಬ ಗುಂಡಿಗೆ ಬಲಿಯಾದ. ಅವನ ವಯಸ್ಸನ್ನು ಕೇಳಿದಾಗ ನನಗೆ ತಮ್ಮನ ಮುಖ ಕಣ್ಣೆದುರು ಬಂತು. ಕೊನೆಗೆ ಒಪ್ಪಂದ ರದ್ದಾಯಿತು. ಎರಡೂವರೆ ಕೋಟಿ ಡಾಲರ್ ಪರಿಹಾರ ಕೇಳಿ ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋಗಿದ್ದ ಕಂಪನಿಯವರು, ಹಲವು ದೇಶಗಳಲ್ಲಿ ವಿರೋಧ ಎದ್ದ ಮೇಲೆ, 2006ರಲ್ಲಿ ಇಲ್ಲಿನ ನಾಣ್ಯದ ಕೇವಲ ಎರಡು ಬೊಲಿವಿಯಾನೊಗಳಿಗೆ ದಾವೆ ಮುಗಿಸಿದರು.

ಇಷ್ಟಾದರೂ ನಾನಿರುವ ದಕ್ಷಿಣದ ಬಡಾವಣೆಗೆ ಇಂದಿಗೂ ನಳ ಬಂದಿಲ್ಲ. ಮನೆಯ ಮುಂದೆ ಬ್ಯಾರಲ್ ಇಟ್ಟು ಟ್ಯಾಂಕರ್ ಕಾಯುತ್ತೇವೆ. ಉಳ್ಳವರಿಗಿಂತ ಇಲ್ಲದವರೇ ನೀರಿಗೆ ಹೆಚ್ಚು ತೆರುವುದನ್ನು ಕಂಡು ಸಂಕಟವಾಗುತ್ತದೆ. ಅಂದು ಹೋರಾಟದಲ್ಲಿದ್ದ ನೆರೆಮನೆಯ ಅಜ್ಜಿಯನ್ನು, ಹಾಗಾದರೆ ಗೆದ್ದದ್ದೇನು ಎಂದು ಕೇಳಿದೆ. ನಮ್ಮ ಬಾವಿ ನಮ್ಮದಾಗಿಯೇ ಉಳಿಯಿತಲ್ಲ ಎಂದರು. ಆ ಬಾವಿಯ ಸಮಿತಿ ಈಗಲೂ ಸಭೆ ಸೇರುತ್ತದೆ; ದರವನ್ನೂ ಸರದಿಯನ್ನೂ ಓಣಿಯವರೇ ಕೂತು ಗೊತ್ತುಮಾಡುತ್ತಾರೆ.

ನಮ್ಮ ಓಣಿಯ ಬಾವಿಯ ಹೂಳು ತೆಗೆಸಲು ಪಟ್ಟಿ ಕೂಡಿಸುವ ಮಾತು ನಡೆದಿದೆಯೆಂದು ಕಾಕಾ ಫೋನಿನಲ್ಲಿ ಹೇಳಿದರು. ನನ್ನ ಪಾಲನ್ನು ಈ ತಿಂಗಳು ಕಳುಹಿಸುತ್ತೇನೆ; ದಯವಿಟ್ಟು ಲೆಕ್ಕದ ವಹಿಯಲ್ಲಿ ಅವ್ವನ ಹೆಸರಿನಲ್ಲಿ ಬರೆಸಿ, ಸಭೆಗೂ ಅವರನ್ನೇ ಕಳುಹಿಸಿ.

ನಿಮ್ಮ ಮಗಳು