ಮಂಡಿ ಬದಲಾದ ಮೇಲಿನ ಆರೈಕೆ

ಮಾನ್ಯ ಸಂಪಾದಕರೇ,

ಮಂಡಿ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯ ಕೆಲಸ. ಅದರ ಫಲ ನಿಂತಿರುವುದು ಮಾತ್ರ ನಂತರದ ತಿಂಗಳುಗಳ ವ್ಯಾಯಾಮದ ಮೇಲೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ನಮ್ಮ ತಾಯಿಯವರ ಕೈಗೆ ಮಾತ್ರೆಗಳ ಪಟ್ಟಿ ಬಂತೇ ಹೊರತು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಂಡಿ ಮಡಿಸುವುದು ಹೇಗೆ, ಮೆಟ್ಟಿಲು ಹತ್ತುವಾಗ ಯಾವ ಕಾಲು ಮೊದಲು (ಗಟ್ಟಿಯಾದದ್ದೇ ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದದ್ದು) ಎಂಬುದನ್ನು ಯಾರೂ ತೋರಿಸಲಿಲ್ಲ. ನೋವಿಗೆ ಹೆದರಿ ಅವರು ಮಂಡಿಯಡಿ ದಿಂಬಿಟ್ಟು ಮಲಗುತ್ತಿದ್ದರು. ಹಾಯೆನಿಸುವ ಆ ದಿಂಬೇ ಕಾಲು ಪೂರ್ತಿ ನೆಟ್ಟಗಾಗದಂತೆ ತಡೆಯುತ್ತದೆಂದು ಫಿಸಿಯೋಥೆರಪಿಸ್ಟ್ ಹೇಳಿದ್ದು ಮೂರು ವಾರ ಕಳೆದ ಮೇಲೆ. ಕುರ್ಚಿಯಿಂದ ಸಲೀಸಾಗಿ ಏಳಲು ಮಂಡಿ 90 ಡಿಗ್ರಿಗಿಂತ ತುಸು ಹೆಚ್ಚೇ ಮಡಿಯಬೇಕು. ಮೊದಲ ವಾರಗಳಲ್ಲಿ ಬಿಟ್ಟುಕೊಟ್ಟದ್ದನ್ನು ಆಮೇಲೆ ಗಳಿಸುವುದು ಕಷ್ಟ. ಬಿಡುಗಡೆಗೆ ಮುನ್ನವೇ ಮನೆಯವರೊಬ್ಬರನ್ನು ಕೂರಿಸಿಕೊಂಡು ವ್ಯಾಯಾಮಗಳನ್ನು ಮಾಡಿ ತೋರಿಸುವ ಪದ್ಧತಿಯನ್ನು ಆಸ್ಪತ್ರೆಗಳು ತಪ್ಪದೆ ಪಾಲಿಸಬೇಕು.

– ಓದುಗ