ಲೆಕ್ಕದ ಮಾವನಿಗೆ, ಮತ್ತು ಉಳಿದ ಎಲ್ಲರಿಗೆ

ನಿನ್ನೆ, ಮಾರ್ಚ್ 31ರ ಸಂಜೆ, ಕೊನೆಯ ರಸೀದಿಗೆ ಸಹಿ ಹಾಕಿ ಪುಸ್ತಕ ಮುಚ್ಚಿದೆ. ಸ್ವತಂತ್ರವಾಗಿ ಸಿನಿಮಾ ಮಾಡುವವರಿಗಾಗಿ, ಸೇವಾ ಸಂಸ್ಥೆಗಳಿಗಾಗಿ ಇಪ್ಪತ್ತೆರಡು ವರ್ಷ ಊರೂರು ತಿರುಗಿ ದುಡ್ಡು ಕೇಳಿದ್ದೇನೆ. ಇವತ್ತಿನಿಂದ ಆ ಕೆಲಸ ಇಬ್ಬರು ಹುಡುಗಿಯರದ್ದು. ಮಡಿಕೇರಿಯ ಆಫೀಸಿನ ಬೀಗದ ಕೈ ಅವರಿಗೆ ಕೊಟ್ಟು ಮನೆಗೆ ಬಂದೆ, ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಇದನ್ನು ಬರೆಯಲು ಕೂತಿದ್ದೇನೆ.

ಕೇಳುವುದನ್ನು ನನಗೆ ಕಲಿಸಿದ್ದು ಕೊಡಗೇ. ಮೊದಲ ವರ್ಷ ಮಳೆಗಾಲದಲ್ಲಿ ಮನೆಮನೆಗೆ ಹೋಗಿದ್ದೆ. ಕಾಫಿ ಕೊಟ್ಟರು, ಚೆನ್ನಾಗಿ ಮಾತಾಡಿಸಿದರು, ದುಡ್ಡು ಮಾತ್ರ ಹುಟ್ಟಲಿಲ್ಲ. ತೋಟದವರ ಕೈಗೆ ದುಡ್ಡು ಬರುವುದು ಕಾಫಿ ಮಾರಿದ ಮೇಲೆ. ಆಗಸ್ಟಿನಲ್ಲಿ ಅವರು ಆಳುಗಳ ಸಂಬಳಕ್ಕೇ ಪರದಾಡುತ್ತಿರುತ್ತಾರೆ ಎಂದು ಆಮೇಲೆ ತಿಳಿಯಿತು. ಮಾರ್ಚ್ ಏಪ್ರಿಲ್‌ನಲ್ಲಿ ಹೋದಾಗ ಅದೇ ಮನೆಗಳವರು ಒಳಗೆ ಕರೆದು ಕೊಟ್ಟರು. ಸೋಮವಾರಪೇಟೆ ಕಡೆಯ ಒಬ್ಬ ಅಜ್ಜಿ ಕೈಯಲ್ಲಿ ದುಡ್ಡಿಲ್ಲ ಎಂದು ಒಂದು ಮೂಟೆ ಕರಿಮೆಣಸನ್ನೇ ಜೀಪಿಗೆ ಹಾಕಿಸಿದರು. ಅದಕ್ಕೆ ರಸೀದಿ ಬರೆಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಮೆಣಸು ತೂಗಿಸಿ, ಮಾರಿದ ದಿನದ ದರ ಹಾಕಿ, ಅಜ್ಜಿಗೆ ಓದಿ ಹೇಳಿ ಬಂದವರು ಲೆಕ್ಕದ ಮಾವ. ಅವರ ಬಗ್ಗೆ ಮುಂದೆ ಹೇಳುತ್ತೇನೆ.

ಶಾಲೆಗೆ, ಆಸ್ಪತ್ರೆಗೆ ಕೇಳುವಾಗ ತೋರಿಸಲು ಒಂದು ಕಟ್ಟಡವಾದರೂ ಇರುತ್ತದೆ. ಸಿನಿಮಾಕ್ಕೆ ಕೇಳುವಾಗ ಏನೂ ಇರುವುದಿಲ್ಲ, ಒಬ್ಬ ಹುಡುಗ ಅಥವಾ ಹುಡುಗಿಯ ಕಣ್ಣಲ್ಲಿರುವ ಆಸೆ ಬಿಟ್ಟರೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ 2 ಶೇಕಡಾ ಸಮಾಜಕ್ಕೆ ಖರ್ಚು ಮಾಡಲೇಬೇಕಾಯಿತು. ನಮ್ಮ ಸಂಸ್ಥೆಗಳಿಗೆ ಅದರಿಂದ ಉಸಿರು ಬಂತು. ಆದರೆ ಆ ಕಾಯ್ದೆಯ ಪಟ್ಟಿಯಲ್ಲಿ ಶಿಕ್ಷಣ, ಆರೋಗ್ಯ, ಪರಿಸರದ ಸಾಲಿನಲ್ಲಿ ಒಂದು ಸಾಕ್ಷ್ಯಚಿತ್ರವನ್ನು ಕೂರಿಸುವುದು ಸುಲಭವಲ್ಲ. ಹಾಗಾಗಿ ಸಿನಿಮಾಗಳಿಗೆ ಐನೂರು, ಸಾವಿರ ಕೊಡುವವರೇ ನಮ್ಮ ಬೆನ್ನೆಲುಬು. ಗುಜರಾತಿನ ಐದು ಲಕ್ಷ ಹೈನುಗಾರರು ತಲಾ 2 ರೂಪಾಯಿ ಹಾಕಿ 1976ರ ‘ಮಂಥನ್’ ಸಿನಿಮಾ ಆಗುವಂತೆ ಮಾಡಿದ ಕಥೆಯನ್ನು ನಾನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ! ಪ್ರತಿ ಸಲವೂ ಹೇಳುವಾಗ ಮೈ ಜುಮ್ಮೆನ್ನುತ್ತಿತ್ತು.

ವಿರಾಜಪೇಟೆಯ ಆಡಿಟರ್, ಸಾಲಕ್ಕೆ ಕರಪತ್ರ ಅಚ್ಚು ಹಾಕಿಕೊಟ್ಟ ಗೋಣಿಕೊಪ್ಪದ ಪ್ರೆಸ್ಸಿನವರು, ಡೀಸೆಲ್ ದುಡ್ಡು ಮಾತ್ರ ತೆಗೆದುಕೊಂಡ ಜೀಪಿನ ಹುಡುಗರು, ಬೆಂಗಳೂರಿನಲ್ಲಿ ಮಲಗಲು ಜಾಗ ಕೊಟ್ಟ ಗೆಳತಿಯರು, ಹಬ್ಬಕ್ಕೂ ಮನೆ ಸೇರದ ನನ್ನನ್ನು ಸಹಿಸಿಕೊಂಡ ಮನೆಯವರು, ಎಲ್ಲರಿಗೂ ಕೈ ಮುಗಿಯುತ್ತೇನೆ.

ಇನ್ನು ಮಾವ. ಅವರು ನನ್ನ ಸ್ವಂತ ಮಾವನಲ್ಲ, ಅಪ್ಪನ ಗೆಳೆಯ. ಸಹಕಾರ ಸಂಘದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ನಮ್ಮ ಖಜಾಂಚಿ. ಹಾಳಾದ ರಸೀದಿಯನ್ನೂ ಹರಿಯಲು ಬಿಡುತ್ತಿರಲಿಲ್ಲ, ‘ರದ್ದು’ ಎಂದು ಬರೆದು ಪುಸ್ತಕಕ್ಕೇ ಅಂಟಿಸಬೇಕು. ಒಂದು ನಂಬರ್ ತಪ್ಪಿದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

2018ರ ಆಗಸ್ಟ್ ನಮ್ಮ ಊರಿಗೆ ಏನು ಮಾಡಿತು ಎಂದು ನಾನು ಹೇಳಬೇಕಾಗಿಲ್ಲ. ಮಳೆಗೆ ಗುಡ್ಡ ಕುಸಿದು ಮನೆಗಳು ಹೋದ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಎಂದರೆ ಸಾಕು. ಆಗ ಎಲ್ಲೆಲ್ಲಿಂದಲೋ ಜನ ಮನೆ ಕಳೆದುಕೊಂಡವರಿಗೆ ಎಂದು ನಮ್ಮ ಖಾತೆಗೆ ದುಡ್ಡು ಹಾಕಿದರು. ಅದೇ ಕುಟುಂಬಗಳ ಮೇಲೆ ನಮ್ಮವರೇ ಒಂದು ಸಿನಿಮಾ ಶುರು ಮಾಡಿದ್ದರು. ದುಡ್ಡು ಸಾಲದೆ ಅದು ನಡುವೆ ನಿಂತಿತು, ಯಾರು ಕೈ ಬಿಟ್ಟರು ಎಂಬುದು ನಿಮಗೆ ಗೊತ್ತಿರುವುದೇ.

2019ರ ಫೆಬ್ರವರಿಯ ಒಂದು ರಾತ್ರಿ ನಾನು ಪರಿಹಾರದ ಖಾತೆಯ ಚೆಕ್ಕಿನ ಮೇಲೆ ಸಿನಿಮಾದವರ ಬಾಕಿ ಮೊತ್ತ ಬರೆದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅದೇ ಜನರ ಸಿನಿಮಾ ತಾನೇ, ಎರಡು ತಿಂಗಳಲ್ಲಿ ತುಂಬಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಎರಡನೇ ಸಹಿ ಮಾವನದ್ದು ಬೇಕಿತ್ತು. ಫೋನ್ ಮಾಡಿದೆ. ನನ್ನ ದನಿ ಕೇಳಿಯೇ ಅವರಿಗೆ ಏನೋ ಅನ್ನಿಸಿರಬೇಕು, ಕಣದಲ್ಲಿ ಒಣಹಾಕಿದ್ದ ಕಾಫಿಯನ್ನು ಹಾಗೇ ಬಿಟ್ಟು ಹೊರಟು ಬಂದರು. ಇಬ್ಬನಿ ಬೀಳುವ ಮೊದಲು ಅದನ್ನು ರಾಶಿ ಮಾಡಿ ಟರ್ಪಾಲು ಮುಚ್ಚಿದ್ದು ಅತ್ತೆ ಒಬ್ಬರೇ. ಅತ್ತೇ, ಆ ರಾತ್ರಿಯ ಕೆಲಸಕ್ಕೂ ನಾನು ನಿಮಗೆ ಋಣಿ.

ಮಾವ ಚೆಕ್ಕು ನೋಡಿದರು. ಬೈಯಲಿಲ್ಲ. “ಅವರು ಮನೆಗೆ ಅಂತ ಕೊಟ್ಟದ್ದು ಮಗಳೇ,” ಎಂದರು, ಅಷ್ಟೇ. ನಾನು ಕೂಗಾಡಿದೆ. ನಿಮಗೆ ಸಿನಿಮಾ ಎಂದರೆ ಏನು ಗೊತ್ತು ಎಂದುಬಿಟ್ಟೆ. ಅವರು ರಸೀದಿ ಪುಸ್ತಕ ತೆಗೆದು ಮೊದಲ ಹಾಳೆಯಿಂದ ಓದಲು ಶುರು ಮಾಡಿದರು. ಹೊಲಿಗೆ ಅಂಗಡಿ, ಕುಶಾಲನಗರ, 300. ಬಸ್ ಕಂಡಕ್ಟರ್, ಸುಳ್ಯ, 200. ನಾಲ್ಕನೇ ಕ್ಲಾಸಿನ ಮಕ್ಕಳು, ಧಾರವಾಡ, 1,140. ಹೀಗೆ ಒಂದೊಂದಾಗಿ, ಅವಸರವಿಲ್ಲದೆ. ನಾನು ಸಾಕು ಎಂದೆ. ಅವರು ನಿಲ್ಲಿಸಲಿಲ್ಲ. ಎಷ್ಟು ಹೊತ್ತಿಗೆ ಅಳು ಬಂತೋ ನೆನಪಿಲ್ಲ. ನೀರು ಕೊಟ್ಟರು, ತಮ್ಮ ಶಾಲು ಹೊದಿಸಿದರು, ಮತ್ತೆ ಓದಿದರು. ಸಹಿ ಮಾಡುವುದಿಲ್ಲ ಎಂದು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಬೆಳಕು ಹರಿಯುವಾಗ ಚೆಕ್ಕನ್ನು ನಾನೇ ಅಡ್ಡಗೆರೆ ಹೊಡೆದು ರದ್ದು ಮಾಡಿದೆ. ಅದನ್ನೂ ಅವರು ಹರಿಯಲು ಬಿಡಲಿಲ್ಲ, ಫೈಲಿಗೆ ಹಾಕಿದರು.

ಅವತ್ತೇ ಎಡಿಟರಿಗೆ ಫೋನ್ ಮಾಡಿ, ದುಡ್ಡಿಲ್ಲ, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ತಂಡ ಹನ್ನೊಂದು ತಿಂಗಳು ಕಾದಿತು. ಸಿನಿಮಾ ಮುಗಿಯಿತು. ಪರಿಹಾರದ ದುಡ್ಡು ಪೈಸೆ ಸಮೇತ ಮನೆಗಳಿಗೇ ಹೋಯಿತು.

ಆಮೇಲೆ ನಾನು ಕೇಳುವ ರೀತಿಯೇ ಬದಲಾಯಿತು. ಯಾರ ಮುಂದೆ ಕೂತರೂ ಮೊದಲು ಹೇಳುತ್ತಿದ್ದದ್ದು, ಇದು ಯಾವುದಕ್ಕೆ, ಯಾವುದಕ್ಕೆ ಅಲ್ಲ ಎಂದು. ಕೆಲವರು ಅಷ್ಟಕ್ಕೇ ಎದ್ದು ಹೋದರು. ಹೋಗಲಿ. ಉಳಿದವರು ಇವತ್ತಿಗೂ ಇದ್ದಾರೆ.

ಮಾವನಿಗೆ ಈಗ ಕಣ್ಣು ಮಂಜು. ಭಾನುವಾರ ಹೋದರೆ ಪೇಪರಿನ ಕಾಫಿ ದರ ನಾನೇ ಓದಿ ಹೇಳಬೇಕು. ಇದನ್ನೂ ಅವರಿಗೆ ಅತ್ತೆಯೇ ಓದಿ ಹೇಳುತ್ತಾರೆ ಎಂದು ಗೊತ್ತು.

ಮಾವ, ಈ ಭಾನುವಾರ ಪುಸ್ತಕ ತೆಗೆದುಕೊಂಡೇ ಬರುತ್ತೇನೆ. ಎಲ್ಲ ತಾಳೆಯಾಗಿದೆ, 3,417ನೇ ರಸೀದಿಯ ನಕಲು ಮಾತ್ರ ಸಿಕ್ಕಿಲ್ಲ. ಶನಿವಾರದೊಳಗೆ ಹುಡುಕುತ್ತೇನೆ.